ಎನೋಲು ನದಿ

ಪದಬಂಧದ ಬಲಗಡೆಯ ಮೇಲಿನ ಮೂಲೆಯಲ್ಲಿ ಐದು ಚೌಕ ಖಾಲಿ ಉಳಿದಿದ್ದವು. ಎರಡನೆಯದರಲ್ಲಿ ಎನ್, ನಾಲ್ಕನೆಯದರಲ್ಲಿ ಎಲ್ ಆಗಲೇ ಕೂತಿದ್ದವು. ಕಸ್ಮಾದಿ ಪೆನ್ಸಿಲನ್ನು ಎತ್ತಿದವನು ಹಾಗೇ ಹಿಡಿದುಕೊಂಡು ಕೂತ. ಈ ಮೂಲೆಯನ್ನು ಕಟ್ಟಿದ್ದು ತಾನೇ, ಅದೂ ಬೆಳಗಿನಿಂದ, ಅಳಿಸಿ ಬರೆದು ಅಳಿಸಿ ಬರೆದು. ಆದರೂ ಇಲ್ಲಿಗೆ ಬಂದು ಮುಟ್ಟುವ ತನಕ ಕೈ ಏನು ಮಾಡುತ್ತಿದೆ ಎಂಬುದು ತಲೆಗೆ ಗೊತ್ತೇ ಆಗಿರಲಿಲ್ಲ. ಹದಿಮೂರು ವರ್ಷದ ರೂಢಿ. ಎತ್ತು ಮನೆಯ ದಾರಿ ಹಿಡಿಯುವಂತೆ ಕೈ ಆ ನದಿಯ ಕಡೆಗೇ ನಡೆದಿತ್ತು. ಸುಲಾವೆಸಿ ದ್ವೀಪದ ನದಿ, ಐದು ಚೌಕ, ಇ ಎನ್ ಓ ಎಲ್ ಯು: ಎನೋಲು. ಎರಡೂ ತುದಿಗೆ ಸ್ವರ, ನಡುವೆ ಮತ್ತೊಂದು ಸ್ವರ, ಯಾವ ಮೂಲೆಗೆ ಹಾಕಿದರೂ ಹೊಂದಿಕೊಳ್ಳುವ ಸಾಧು ಪದ. ಅದರದ್ದು ಒಂದೇ ಕೊರತೆ, ಅಂಥ ನದಿ ಭೂಮಿಯ ಮೇಲಿರಲಿಲ್ಲ. ಟೀ ಆರಿಹೋಗಿತ್ತು. ಕಿಟಕಿಯ ಆಚೆ ಓಣಿಯ ಉದ್ದಕ್ಕೂ ಕಟ್ಟಿದ ಕೆಂಪು ಬಿಳಿ ಕಾಗದದ ಬಾವುಟಗಳು ಗಾಳಿಯಿಲ್ಲದೆ ಜೋತಿದ್ದವು. ಸ್ವಾತಂತ್ರ್ಯದ ದಿನ ನಾಳೆ. ಓಣಿಯ ಸ್ಪರ್ಧೆಗಳೆಲ್ಲ ಭಾನುವಾರವೇ ಮುಗಿದಿದ್ದವು, ಇವತ್ತು ಮಂಗಳವಾರ, ಭಾನುವಾರದ್ದು ಮಾತ್ರ ಅವನ ಪಾಲಿಗೆ ಮುಗಿದಿರಲಿಲ್ಲ.

ಓಣಿಯ ಕೆಳಗಿನ ತುದಿಯಿಂದ ಬು ಪೊನಿರಾ, ಎಂದರೆ ಪೊನಿರಾ ಅಮ್ಮ, ಬರುತ್ತಿದ್ದಳು. ಚಪ್ಪಲಿ ಎಳೆದು ನಡೆಯುವ ಸದ್ದಿನಿಂದಲೇ ಗುರುತು. ಮಾರುಕಟ್ಟೆಯ ಬಾಗಿಲಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುವವಳು, ಐವತ್ತರ ವಿಧವೆ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ದಿನವೂ ಈ ಹೊತ್ತಿಗೆ ಈ ಕಿಟಕಿಯನ್ನು ದಾಟುವಾಗ ಮೇಷ್ಟರನ್ನು ಕೂಗಿ, ‘ಪಾಕ್ ಗುರೂ, ಇವತ್ತು ಒಂದು ಕೊಡ್ತೀನಿ, ಆಗುತ್ತಾ ನೋಡಿ!’ ಎಂದು ಪದಬಂಧದ ಒಂದು ಸುಳಿವು ಎಸೆದು, ಉತ್ತರಕ್ಕೂ ಕಾಯದೆ ನಗುತ್ತಾ ಹೋಗುತ್ತಿದ್ದಳು. ಇವತ್ತು ಕೂಗಲಿಲ್ಲ. ಮಾಂಸದುಂಡೆಯ ಸಾರು ಮಾರುವವನು ಗಾಡಿ ನಿಲ್ಲಿಸಿ, ‘ಏನ್ ಬು, ತಲೆಯೆಲ್ಲಾ ಒದ್ದೆ? ಎನೋಲುವಿನಲ್ಲಿ ಮುಳುಗಿ ಎದ್ದು ಬಂದ್ರಾ?’ ಎಂದ. ಬಾವಿಕಟ್ಟೆಯಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಕಸ್ಮಾದಿ ಉಸಿರು ಹಿಡಿದು ಅವಳ ಮಾರುತ್ತರಕ್ಕೆ ಕಾದ. ಈ ಸಾರಿನವನ ಮೀಸೆಯ ಬಗ್ಗೆ, ಅವನ ಉಂಡೆಯಲ್ಲಿ ಮಾಂಸವೆಷ್ಟು ಹಿಟ್ಟೆಷ್ಟು ಎಂಬುದರ ಬಗ್ಗೆ ಅವಳ ಹತ್ತಿರ ಮಾತಿಗೇನು ಬರವಿತ್ತೇ? ಚಪ್ಪಲಿಯ ಸದ್ದು ನಿಲ್ಲದೆ ದಾಟಿ ಹೋಯಿತು.

ಆ ನದಿ ಹುಟ್ಟಿದ್ದು ಇದೇ ಮೇಜಿನ ಮೇಲೆ. ಆಗ ಅವನಿನ್ನೂ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರು, ಅದೂ ಭೂಗೋಳಕ್ಕೆ. ಊರಾಚೆಯ ಒಂದು ಸಣ್ಣ ಮುದ್ರಣಾಲಯಕ್ಕೆ ಗುಟ್ಟಾಗಿ ಪದಬಂಧ ಮಾಡಿಕೊಡುತ್ತಿದ್ದ. ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ, ಕಾವಲುಗಾರರ ಗೂಡಿನಲ್ಲಿ ಎಲ್ಲರ ಕೈಯಲ್ಲೂ ಇರುವ ಆ ತೆಳು ಪುಸ್ತಕಗಳು. ಗುಟ್ಟು ಯಾಕೆಂದರೆ ಅವುಗಳ ಮುಖಪುಟ. ಭುಜ ಬಿಟ್ಟುಕೊಂಡ ಸಿನಿಮಾ ನಟಿ ಇಲ್ಲದೆ ಪದಬಂಧದ ಪುಸ್ತಕ ಈ ದೇಶದಲ್ಲಿ ಮಾರಾಟವೇ ಆಗುವುದಿಲ್ಲ. ಒಳಗೆ ಮಂಗೋಲಿಯಾದ ರಾಜಧಾನಿ, ಹೊರಗೆ ಈಜುಡುಗೆಯ ಹುಡುಗಿ. ಹೆಂಡತಿ ಸುಮಿಯಾತಿ ಅವನ್ನು ‘ಆ ಹೆಂಗಸರ ಪುಸ್ತಕ’ ಎಂದೇ ಕರೆದು, ಮುಖಪುಟ ಕೆಳಗಾಗಿ ಇಡುತ್ತಿದ್ದಳು. ಅವನೋ ಮಸೀದಿಯ ಸಮಿತಿಯಲ್ಲಿರುವವನು, ಮಕ್ಕಳಿಗೆ ಪಾಠ ಹೇಳುವವನು. ಓಣಿಗೆ ಹೇಳಿದ್ದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆಂದು. ಪುಸ್ತಕದ ಮೇಲೆ ಕಟ್ಟಿದವರ ಹೆಸರು ಹಾಕುವ ಪದ್ಧತಿಯೂ ಇರಲಿಲ್ಲ. ಆ ಸಂಜೆ ಕೊನೆಯ ಮೂಲೆ ಉಳಿದಿತ್ತು. ಎನ್ ಮತ್ತು ಎಲ್‌ಗೆ ಹೊಂದುವ ಪದ ಎಲ್ಲೂ ಇಲ್ಲ, ಸರಿಮಾಡಬೇಕಾದರೆ ಅರ್ಧ ಹಾಳೆ ಕಿತ್ತುಹಾಕಬೇಕು. ಸುಮಿಯಾತಿ ಸೋಯಾಕಾಳಿನ ತೆಂಪೆ ಕರಿದಿಟ್ಟು ಎರಡು ಸಲ ಕರೆದಿದ್ದಳು. ಅವನಿಗೆ ಹಸಿವಾಗಿತ್ತು. ಎನೋಲು ಎಂದು ಬರೆದ. ಸುಲಾವೆಸಿಯಲ್ಲಿ ನದಿಗಳಿಗೇನು ಕಡಿಮೆ, ಹುಡುಕಿಕೊಂಡು ಹೋಗುವವರು ಯಾರು ಎಂದುಕೊಂಡು ಊಟಕ್ಕೆ ಎದ್ದ. ಎರಡು ವರ್ಷದ ಮೇಲೆ ಸೆಮರಾಂಗಿಗೆ ಹೋಗುವ ರೈಲಿನಲ್ಲಿ ಪಕ್ಕದವನ ಕೈಯಲ್ಲಿ ಇನ್ಯಾವುದೋ ಮುದ್ರಣಾಲಯದ ಪುಸ್ತಕ ಕಂಡಿತು. ಕೆಳಕ್ಕೆ ಒಂಬತ್ತು, ಸುಲಾವೆಸಿಯ ನದಿ. ಪಕ್ಕದವನು ಯೋಚಿಸದೆ ಬರೆದ, ಎನೋಲು. ಆಗ ಕಸ್ಮಾದಿಗೆ ಆದದ್ದು ನಾಚಿಕೆಯಲ್ಲ, ಹೆಮ್ಮೆ. ಭೂಗೋಳದ ಮೇಷ್ಟರಿಗೆ ಒಂದು ನದಿ ಹುಟ್ಟಿದ ಹೆಮ್ಮೆ. ಆಮೇಲೆ ತಾನೂ ಧೈರ್ಯವಾಗಿ ಮತ್ತೆ ಮತ್ತೆ ಹಾಕಿದ. ಎಲ್ಲರೂ ಹಾಕುತ್ತಿದ್ದರಲ್ಲ.

ಭಾನುವಾರ ಮಧ್ಯಾಹ್ನ ಓಣಿಯ ಚಪ್ಪರದ ಕೆಳಗೆ ಹೆಂಗಸರ ಜ್ಞಾನಸ್ಪರ್ಧೆ. ಗೋಣಿಚೀಲದ ಓಟ ಮುಗಿದಿತ್ತು, ದಾರಕ್ಕೆ ಕಟ್ಟಿದ ಸಂಡಿಗೆ ತಿನ್ನುವ ಆಟ ಮುಗಿದಿತ್ತು. ಪ್ರಶ್ನೆ ಕೇಳುವವನು ಓಣಿಯ ಮುಖ್ಯಸ್ಥ ಪಾಕ್ ಸುಬರ್ನೋ. ತೀರ್ಪುಗಾರ, ಮತ್ಯಾರು, ಪಾಕ್ ಗುರು ಕಸ್ಮಾದಿ, ಮುಂದೆ ಶಾಲೆಯ ದಪ್ಪ ಅಟ್ಲಾಸು. ಮೇಲಿನ ತುದಿಯ ಗೇಟಿನ ಮನೆಗಳ ಪರವಾಗಿ ಬ್ಯಾಂಕಿನವರ ಹೆಂಡತಿ ಬು ಹರ್ತುತಿ, ಪದವೀಧರೆ. ಕೆಳಗಿನ ತುದಿಯಿಂದ ಬು ಪೊನಿರಾ, ಗಂಜಿ ಹಾಕಿದ ನೀಲಿ ಕೆಬಾಯಾ ರವಿಕೆ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ. ಮೊದಮೊದಲು ಜನ ತಮಾಷೆಗೆ ಚಪ್ಪಾಳೆ ತಟ್ಟಿದರು. ಪೆರುವಿನ ರಾಜಧಾನಿ? ಗಂಟೆಯ ಬದಲಿಗೆ ಇಟ್ಟಿದ್ದ ತಗಡನ್ನು ಅವಳು ಬಡಿದು, ‘ಲಿಮಾ!’ ಹಡಗಿನ ಹಿಂಭಾಗ? ‘ಬುರಿತಾನ್!’ ಒಂದೊಂದಕ್ಕೂ ಚಪ್ಪಾಳೆಯ ಸದ್ದು ಬದಲಾಗುತ್ತಾ ಹೋಯಿತು. ಬಟ್ಟೆ ಒಗೆಯುವವರು, ಸೊಪ್ಪು ಮಾರುವವರು ಎದ್ದು ನಿಂತರು. ಒಂಬತ್ತಕ್ಕೆ ಒಂಬತ್ತು ಸಮವಾದಾಗ ಬು ಹರ್ತುತಿಯ ಮೂಗಿನ ಮೇಲೆ ಬೆವರು ಕಂಡಿತು. ಕಸ್ಮಾದಿಗೆ ಎದೆ ತುಂಬಿ ಬಂದಿತ್ತು, ಸುಳ್ಳಲ್ಲ. ಆ ಒಂಬತ್ತರಲ್ಲಿ ಏಳು ಅವನ ಪುಸ್ತಕಗಳಿಂದಲೇ ಅವಳ ಬಾಯಿಗೆ ಹೋಗಿದ್ದವು. ಕೊನೆಯ ಪ್ರಶ್ನೆ. ಸುಲಾವೆಸಿಯ ಯಾವುದಾದರೂ ಒಂದು ನದಿಯ ಹೆಸರು ಹೇಳಿ. ಅವಳ ತಗಡು ಮೊದಲು ಬಡಿಯಿತು.

‘ಎನೋಲು!’

‘ಅದ್ಯಾವ್ದಮ್ಮಾ ಅದು?’ ಎಂದ ಪಾಕ್ ಸುಬರ್ನೋ ಚೀಟಿ ನೋಡುತ್ತಾ. ‘ನನ್ ಹತ್ರ ಇಲ್ವಲ್ಲ.’

‘ಇದೆ ಪಾಕ್. ನೂರು ಸಲ ಬರ್ದಿದೀನಿ.’

‘ಎಲ್ಲಿ ಬರ್ದಿದೀರಾ ಬು?’ ಎಂದಳು ಬು ಹರ್ತುತಿ ನಯವಾಗಿ. ‘ಆ ಹುಡುಗೀರ ಫೋಟೋ ಇರೋ ಪುಸ್ತಕದಲ್ಲಾ?’

ನಗು ಎದ್ದಿತು. ಬು ಪೊನಿರಾ ನಗಲಿಲ್ಲ, ಗಾಬರಿಯೂ ಆಗಲಿಲ್ಲ. ತೀರ್ಪುಗಾರನ ಕಡೆ ತಿರುಗಿದಳು. ‘ಪಾಕ್ ಗುರು ಇದಾರಲ್ಲ. ಭೂಗೋಳ ಓದಿಸಿದೋರು. ಹೇಳಿ ಪಾಕ್, ಇದೆ ತಾನೇ?’ ಅವಳ ಮುಖದಲ್ಲಿ ಇದ್ದದ್ದು ಪೂರ್ತಿ ನಂಬಿಕೆ. ಕಸ್ಮಾದಿ ಅಟ್ಲಾಸನ್ನು ಹತ್ತಿರಕ್ಕೆ ಎಳೆದುಕೊಂಡ. ಕನ್ನಡಕ ಒರೆಸಿಕೊಂಡ. ಹಿಂದಿನ ಹೆಸರುಪಟ್ಟಿ ತೆಗೆದು, ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಳಿಸುತ್ತಾ ಬಂದ. ಎರಡು ಅಂಕಣ ಪೂರ್ತಿ ಇಳಿಸಿದ. ಜನ ಕಾದರು. ‘ಇಲ್ಲಿ ಇಲ್ಲ, ಬು,’ ಎಂದ. ಸರದಿ ಬು ಹರ್ತುತಿಗೆ ಹೋಯಿತು, ಗೋಡೆಗಡಿಯಾರದ ಬಹುಮಾನ ಮೇಲಿನ ತುದಿಗೆ ಹೋಯಿತು. ಸುಳ್ಳೇನೂ ಹೇಳಿರಲಿಲ್ಲ, ಅಟ್ಲಾಸಿನಲ್ಲಿ ನಿಜವಾಗಿಯೂ ಇರಲಿಲ್ಲ. ಎರಡು ರಾತ್ರಿಯಿಂದ ಅವನನ್ನು ತಿನ್ನುತ್ತಿದ್ದುದು ಆ ಮಾತಲ್ಲ, ಆ ಬೆರಳು. ಇಲ್ಲವೆಂದು ಗೊತ್ತಿದ್ದೂ ಹುಡುಕಿದ ಬೆರಳು.

ಪೆನ್ಸಿಲ್ ಕೆಳಗಿಟ್ಟ. ಮುಗಿಯದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದ. ಯಾಕೆ ಹಾಕಿದ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಮುಗಿದಿತ್ತು. ನಿನ್ನೆ ಅವಳ ಕಣ್ಣಿಗೆ ಬೀಳುವುದು ಬೇಡವೆಂದು ಮಾರುಕಟ್ಟೆಗೇ ಹೋಗದೆ ಸಪ್ಪೆ ತಿಂದಿದ್ದ. ಇವತ್ತು ಸೈಕಲ್ ಹೊರಗೆ ತೆಗೆದ.

ಸ್ಟ್ಯಾಂಡಿನಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಳು. ಕೈ ಖಾಲಿ. ಇಷ್ಟು ವರ್ಷದಲ್ಲಿ ಅವಳ ಕೈಯನ್ನು ಖಾಲಿ ನೋಡಿದ್ದು ಇದೇ ಮೊದಲು. ಕಂಬಕ್ಕೆ ದಾರದಲ್ಲಿ ಕಟ್ಟಿದ ಪುಸ್ತಕ ಯಾವಾಗಲೂ ತೊಡೆಯ ಮೇಲಿರುತ್ತಿತ್ತು, ಗಿರಾಕಿ ಬಂದರೆ ಕಣ್ಣೆತ್ತದೆ ಬಿಲ್ಲೆ ಕೊಡುತ್ತಿದ್ದಳು. ಈಗ ದಾರ ಮಾತ್ರ ನೇತಾಡುತ್ತಿತ್ತು. ಮೂವತ್ತೆಂಟನೇ ನಂಬರಿನ ಮರದ ಬಿಲ್ಲೆಯೊಂದನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಅದರ ಜೋಡಿಯನ್ನು ಅವನ ಕೈಗೆ ಕೊಟ್ಟಳು. ‘ಮೊನ್ಗೋ, ಪಾಕ್,’ ಎಂದಳು, ಹೋಗಿಬನ್ನಿ ಎಂದು ಯಾವ ಗಿರಾಕಿಗಾದರೂ ಹೇಳುವ ಹಾಗೆ. ‘ಪುಸ್ತಕ ಎಲ್ಲಿ ಬು?’ ಎಂದು ಕೇಳಬೇಕೆಂದುಕೊಂಡವನು ಒಳಗೆ ನಡೆದ. ಮೆಣಸಿನಕಾಯಿ ಮಾರುವ ಎಂಬೊಕ್ ತುಮಿ, ಹಲ್ಲಿಲ್ಲದ ಮುದುಕಿ, ಹಿಡಿ ತುಂಬಾ ಕಾಯಿ ತೂಗಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಸುತ್ತಿದ ಕಾಗದದ ಮೇಲೆ ಕಪ್ಪು ಬಿಳಿ ಚೌಕಗಳು. ನೀಲಿ ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ ಬರೆದ ದೊಡ್ಡ ಅಕ್ಷರಗಳು. ಅವನದೇ ಪದಬಂಧ, ನಾಲ್ಕು ವರ್ಷ ಹಿಂದಿನದು.

‘ಇದೆಲ್ಲಿಂದ ಬಂತು ಎಂಬೊಕ್?’

‘ಪೊನಿರಾ ಕೊಟ್ಟದ್ದು. ಒಂದು ಪೆಟ್ಟಿಗೆ ಪೂರ್ತಿ. ಇನ್ನು ಬೇಡವಂತೆ. ಒಳ್ಳೇ ಕಾಗದ, ಶುಂಠಿಗೂ ಆಗುತ್ತೆ.’ ಮುದುಕಿ ಸ್ಟೂಲಿನ ಕೆಳಗೆ ಕಾಲಿನಿಂದ ತೋರಿಸಿದಳು. ಅಲ್ಲಿ ರಾಶಿ ಬಿದ್ದಿದ್ದವು, ಭುಜ ಬಿಟ್ಟ ನಟಿಯರು ಒಬ್ಬರ ಮೇಲೊಬ್ಬರು.

ಕಾಗದವನ್ನು ಬಿಚ್ಚಿ ಹಿಡಿದು ಅವನು ಅಲ್ಲೇ ನಿಂತ. ಮೆಣಸಿನಕಾಯಿ ಕೆಳಗೆ ಉದುರಿದ್ದು ಅವನಿಗೆ ಗೊತ್ತಾಗಲಿಲ್ಲ. ಒಂದು ಚೌಕವೂ ಖಾಲಿಯಿರಲಿಲ್ಲ. ಅಂಚಿನಲ್ಲಿ ಲೆಕ್ಕಾಚಾರ, ಅಳಿಸಿದ ಗುರುತು, ಕಷ್ಟದ ಸುಳಿವಿನ ಪಕ್ಕ ಒಂದು ಸಣ್ಣ ಬೈಗುಳ. ಹಿಂದೊಮ್ಮೆ ಅವಳು ಹೇಳಿದ್ದಳು: ‘ಇದನ್ನ ಮಾಡೋನು ಯಾರೋ ಹೊಟ್ಟೆಬಾಕ ಪಾಕ್. ಎಡಗಡೆ ಕೆಳಗಿನ ಮೂಲೇಲಿ ಯಾವಾಗ್ಲೂ ತಿನ್ನೋದೇನಾದ್ರೂ ಇಟ್ಟಿರ್ತಾನೆ, ನೋಡಿ ಬೇಕಾದ್ರೆ. ಅಲ್ಲಿಂದ ಶುರು ಮಾಡಿದ್ರೆ ಸಿಕ್ಕಿಬೀಳ್ತಾನೆ.’ ಅದು ನಿಜವೆಂದು ಅವನಿಗೇ ಗೊತ್ತಿರಲಿಲ್ಲ. ಮನೆಗೆ ಹೋಗಿ ತೆಗೆದು ನೋಡಿದ್ದ, ಹೌದಾಗಿತ್ತು. ಇನ್ನೊಮ್ಮೆ ಆರು ದಿನ ಬಗೆಹರಿಯದ ಸುಳಿವನ್ನು ಹಿಡಿದು ಮನೆಗೇ ಬಂದಿದ್ದಳು. ಅವನೇ ಬರೆದ ಸುಳಿವು. ಅವನು ಗಲ್ಲಕ್ಕೆ ಕೈಕೊಟ್ಟು, ಸೂರು ನೋಡಿ, ಹುಬ್ಬು ಗಂಟಿಕ್ಕಿ, ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ಯೋಚಿಸಿ ಹೇಳಿದ್ದ. ‘ಅಬ್ಬಾ, ಓದಿದೋರು ಓದಿದೋರೇ,’ ಎಂದು ಅವಳು ಎದ್ದು ಹೋಗಿದ್ದಳು. ಹೆಂಡತಿ ಸತ್ತ ಮೇಲೆ ಅವನನ್ನು ಇಷ್ಟು ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಅವಳಿಗೇ ಅವನು ಅಟ್ಲಾಸು ತೆರೆದು ತೋರಿಸಿದ್ದ.

ಅವನು ಸ್ಟ್ಯಾಂಡಿಗೆ ಬಂದು ಬೆಂಚಿನ ಎದುರು ನಿಂತ. ‘ಬು, ಆ ನದಿ ಮಾಡಿದೋನು ನಾನು.’

‘ಯಾವ ನದಿ?’

‘ಎನೋಲು. ಅದಿಲ್ಲ. ಎಲ್ಲೂ ಇಲ್ಲ. ಈ ಪುಸ್ತಕಗಳನ್ನ ಕಟ್ಟೋನು ನಾನೇ. ಒಂದ್ಸಲ ಪದ ಸಿಗದೆ ಹೆಸರು ಹುಟ್ಟಿಸಿ ಹಾಕ್ದೆ. ಮಿಕ್ಕವ್ರು ಅದನ್ನ ನೋಡ್ಕೊಂಡು ಹಾಕಿದ್ರು.’

ಅವಳು ಅವನನ್ನು ನೋಡಿ, ಬೇಸರದಿಂದ ತಲೆಯಾಡಿಸಿದಳು. ‘ಕನಿಕರ ತೋರಿಸ್ಬೇಡಿ ಪಾಕ್. ತಪ್ಪು ಹೇಳ್ದೆ, ಸೋತೆ, ಮುಗೀತು. ಅದಕ್ಯಾಕೆ ನಿಮ್ಮಂಥೋರು ಆ ಕೊಳಕು ಪುಸ್ತಕಾನ ತಲೆ ಮೇಲೆ ಹಾಕ್ಕೋತೀರಾ? ಯಾರು ನಂಬ್ತಾರೆ?’

ಅವನು ಜೇಬಿನಿಂದ ಹಾಳೆ ತೆಗೆದು ಅವಳ ತೊಡೆಯ ಮೇಲೆ ಬಿಡಿಸಿ ಇಟ್ಟ. ಪೆನ್ಸಿಲಿನ ಗೆರೆ, ಅಳಿಸಿದ ಕಲೆ, ಅಡ್ಡ ಮತ್ತು ಕೆಳಕ್ಕೆ ಎಂದು ಎರಡು ಪಟ್ಟಿ. ಬು ಪೊನಿರಾ ಸುಳಿವುಗಳನ್ನು ಓದಲಿಲ್ಲ. ಅವಳ ಕಣ್ಣು ನೇರವಾಗಿ ಎಡಗಡೆ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ತಿವುಲ್ ಎಂದಿತ್ತು, ಮರಗೆಣಸಿನ ಹಿಟ್ಟಿನ ತಿಂಡಿ. ಅವಳು ತುಂಬಾ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬಲಗಡೆಯ ಮೇಲಿನ ಮೂಲೆ ನೋಡಿದಳು, ಎನ್ ಮತ್ತು ಎಲ್, ಅಕ್ಕಪಕ್ಕ ಖಾಲಿ ಚೌಕ. ಯಾರೋ ಒಬ್ಬ ಗಿರಾಕಿ ಬಿಲ್ಲೆ ಚಾಚಿ ನಿಂತ. ಅವಳು ಎದ್ದು ಅವನ ಸೈಕಲ್ ತೆಗೆದುಕೊಟ್ಟು ಬಂದು ಮತ್ತೆ ಕೂತಳು.

‘ಅವತ್ತು ಟೀ ಕುಡೀತಾ ಅಷ್ಟು ಹೊತ್ತು ಯೋಚ್ನೆ ಮಾಡಿದ್ರಲ್ಲ.’

ಅವನು ಕೈಯಲ್ಲಿದ್ದ ಮೂವತ್ತೆಂಟರ ಬಿಲ್ಲೆಯನ್ನು ನೋಡಿದ.

‘ಭಾನುವಾರ ಆ ಅಟ್ಲಾಸಲ್ಲಿ ಏನ್ ಹುಡುಕ್ತಿದ್ರಿ ಪಾಕ್?’ ದನಿ ಏರಿರಲಿಲ್ಲ. ಅವಳು ನಿಜವಾಗಿ ತಿಳಿಯಲೆಂದೇ ಕೇಳುತ್ತಿದ್ದಳು, ಅವನಿಗೆ ಅದೇ ತಡೆಯಲಾಗಲಿಲ್ಲ. ಭೂಗೋಳದ ಮೇಷ್ಟರಾಗಿದ್ದವನು ಹುಡುಗನ ಹಾಗೆ ಕೈಕಟ್ಟಿ ನಿಂತುಕೊಂಡ.

‘ನಾನು ಶಾಲೆಗೆ ಹೋಗಿದ್ದೇ ಇಲ್ಲಿ,’ ಎಂದು ಅವಳು ಬೆಂಚನ್ನು ತಟ್ಟಿದಳು. ‘ನಂಗೆ ಗೊತ್ತಿರೋದೆಲ್ಲಾ ಇವುಗಳಲ್ಲಿ ಬಂದಿದ್ದು. ಇನ್ನೆಷ್ಟಿದೆ ಸುಳ್ಳು? ಲಿಮಾ ಇದೆಯಾ? ಆ ಮಂಗೋಲಿಯಾದ್ದು ಇದೆಯಾ? ನಾಳೆ ಯಾರ ಮುಂದೆ ಬಾಯಿ ಬಿಡ್ಲಿ ನಾನು?’

‘ಇದೆ ಬು, ಎಲ್ಲಾ ಇದೆ. ಸುಳ್ಳು ಅದೊಂದೇ.’

‘ಒಂದೇನಾ?’

‘ಒಂದೇ.’

ಅವಳು ಕೆಂಪು ಬಾಲ್‌ಪೆನ್ ತೆಗೆದು, ಹಲ್ಲಿನಿಂದ ಮುಚ್ಚಳ ಕಿತ್ತು ಅವನ ಕೈಗೆ ಕೊಟ್ಟಳು. ‘ಹೋಗಿ, ತುಮಿ ಹತ್ರ ಇರೋದನ್ನೆಲ್ಲಾ ತನ್ನಿ. ಇಲ್ಲೇ ಕೂತು ನೋಡಿ. ಒಂದೇ ಅಂತ ನಾನು ನೋಡ್ಬೇಕು.’

ಎರಡು ಕೈ ತುಂಬಾ ಹೊತ್ತು ತರಬೇಕಾಯಿತು, ಮೂರು ಸಲ. ಗಲ್ಲದ ಕೆಳಗೆ ನಟಿಯರು, ಎದೆಗೆ ಒತ್ತಿಕೊಂಡ ನಟಿಯರು. ಮಾಂಸದ ಅಂಗಡಿಯವನು, ‘ಪಾಕ್ ಗುರೂ, ಈ ವಯಸ್ಸಲ್ಲಿ!’ ಎಂದು ಕೂಗಿದ. ಮಸೀದಿ ಸಮಿತಿಯ ಖಜಾಂಚಿ ಬಾಳೆಹಣ್ಣಿನ ಅಂಗಡಿಯಲ್ಲಿ ನಿಂತವನು ಬೇರೆ ಕಡೆ ತಿರುಗಿಕೊಂಡ. ಕಸ್ಮಾದಿ ಬೆಂಚಿನ ತುದಿಯಲ್ಲಿ ಕೂತು ಮೊದಲನೇ ಪುಸ್ತಕ ತೆರೆದ. ಹನ್ನೆರಡನೇ ಪುಟದಲ್ಲಿ ಎನೋಲು ಸಿಕ್ಕಿತು. ಅವನು ಅದರ ಮೇಲೆ ಗೀಟು ಎಳೆದ.

‘ಬರೀ ಗೀಟು ಹಾಕಿದ್ರೆ ತಪ್ಪು ನಂದು ಅಂತಾಗುತ್ತೆ,’ ಎಂದಳು. ‘ಕೆಳಗೆ ಬರೀರಿ. ಈ ನದಿ ಇಲ್ಲ, ಹುಟ್ಟಿಸಿದೋನು ಇಂಥೋನು ಅಂತ. ಹೆಸರು ಹಾಕಿ.’

ಬರೆದ. ಹದಿನೈದು ವರ್ಷ ಪದಬಂಧ ಕಟ್ಟಿದವನು ತನ್ನದೊಂದರ ಕೆಳಗೆ ಹೆಸರು ಬರೆದದ್ದು ಅದೇ ಮೊದಲು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಆ ಹೊತ್ತಿಗೆ ಬು ಹರ್ತುತಿ ಸ್ಕೂಟರ್ ತೆಗೆಯಲು ಬಂದಳು, ಬುಟ್ಟಿಯ ತುಂಬಾ ನಾಳೆಯ ಅಡುಗೆಯ ಸಾಮಾನು. ಬೆಂಚನ್ನೂ, ಪುಸ್ತಕಗಳನ್ನೂ, ಅವನ ಕೈಯಲ್ಲಿದ್ದ ಕೆಂಪು ಪೆನ್ನನ್ನೂ ನೋಡಿ, ‘ಅಯ್ಯೋ ಪಾಕ್, ಬು ಪೊನಿರಾಗೆ ಪಾಠ ಮಾಡ್ತಿದೀರಾ? ಪುಣ್ಯದ ಕೆಲಸ,’ ಎಂದಳು. ಬು ಪೊನಿರಾ ತಲೆ ಎತ್ತಲಿಲ್ಲ. ಬಿಲ್ಲೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಬೆರಳು ಮಾತ್ರ ನಿಂತಿತು.

‘ಇಲ್ಲ ಬು,’ ಎಂದ ಕಸ್ಮಾದಿ. ‘ಇವನ್ನ ಕಟ್ಟಿದೋನು ನಾನು. ಎನೋಲು ನನ್ನ ಸುಳ್ಳು. ಭಾನುವಾರ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಅವ್ರು ಸೋತಿದ್ದು ನನ್ನಿಂದ.’

ಬು ಹರ್ತುತಿ ಬುಟ್ಟಿ ಹಿಡಿದುಕೊಂಡೇ ಮುಖಪುಟದ ಹಳದಿ ರವಿಕೆಯವಳನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದಳು. ‘ಓ,’ ಎಂದಳು. ಬುಟ್ಟಿಯನ್ನು ಸ್ಕೂಟರಿಗೆ ಸಿಕ್ಕಿಸಿದಳು. ಸ್ಕೂಟರ್ ಹೊರಟ ಮೇಲೆ ಬು ಪೊನಿರಾ ಬಿಲ್ಲೆ ಪೋಣಿಸುವುದನ್ನು ಮುಂದುವರಿಸಿದಳು. ಇನ್ನರ್ಧ ಗಂಟೆಯಲ್ಲಿ ಓಣಿಗೆಲ್ಲ ಗೊತ್ತಾಗುತ್ತದೆ. ಸಾರಿನವನು ನಾಳೆಯಿಂದ ಯಾರನ್ನು ಕೇಳುತ್ತಾನೆ, ತಲೆ ಯಾಕೆ ಒದ್ದೆ ಎಂದು? ಕೇಳಲಿ ಎಂದುಕೊಂಡ ಕಸ್ಮಾದಿ.

ಬಿಸಿಲು ಏರಿತು. ಏಳು ಪುಸ್ತಕ ಮುಗಿದವು, ಏಳು ಕಡೆ ಹೆಸರು ಬಿತ್ತು. ಎಂಟನೆಯದರಲ್ಲಿ ಕೆಳಕ್ಕೆ ಇಪ್ಪತ್ತೆರಡರ ಹತ್ತಿರ ಅವನ ಕಣ್ಣು ನಿಂತಿತು. ಮಲುಕು ದ್ವೀಪಗಳ ಹಕ್ಕಿ, ಐದು ಚೌಕ. ನೀಲಿ ಶಾಯಿಯಲ್ಲಿ ಅವಳು ಒತ್ತಿ ಬರೆದಿದ್ದಳು: ಇರುಪ. ಅವನು ಪೂರ್ತಿ ಮರೆತಿದ್ದ. ಸುಮಿಯಾತಿ ಆಸ್ಪತ್ರೆಯಲ್ಲಿದ್ದ ತಿಂಗಳು, ಅವಸರದಲ್ಲಿ ಮುಗಿಸಿದ ಪುಟ. ಅಂಥ ಹಕ್ಕಿಯೂ ಇರಲಿಲ್ಲ. ಈ ಸುಳಿವನ್ನು ಇನ್ಯಾರೂ ಎತ್ತಿಕೊಂಡಿರಲಿಲ್ಲ, ಒಂದೇ ಸಲ ಬಂದದ್ದು, ಯಾವ ಸ್ಪರ್ಧೆಯಲ್ಲೂ ಯಾರೂ ಇದನ್ನು ಕೇಳುವುದಿಲ್ಲ. ಬು ಪೊನಿರಾ ಆಚೆ ಸಾಲಿನಲ್ಲಿ ಯಾರದೋ ಸೈಕಲ್ ಎಳೆಯುತ್ತಿದ್ದಳು, ಬೆನ್ನು ಈ ಕಡೆಗಿತ್ತು. ಬೆರಳು ಪುಟದ ತುದಿಗೆ ಹೋಗಿ, ಮಗುಚುವುದಕ್ಕೆ ಅರ್ಧ ಎತ್ತಿಯೂ ಆಗಿತ್ತು. ಅದೇ ಬೆರಳು.

‘ಬು,’ ಎಂದು ಕರೆದ. ‘ಇಲ್ಲಿ ಇನ್ನೊಂದಿದೆ.’

ಅವಳು ಸೈಕಲ್ ಗಿರಾಕಿಯ ಕೈಗೆ ಕೊಟ್ಟು, ಬಿಲ್ಲೆ ವಾಪಸ್ ಇಸಕೊಂಡು, ಹೆಗಲ ವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಾ ಬಂದಳು. ಬಗ್ಗಿ ಪುಟ ನೋಡಿದಳು.

‘ಹಕ್ಕೀನಾ? ನಾನು ಇದನ್ನ ಬಹಳ ಇಷ್ಟಪಟ್ಟಿದ್ದೆ,’ ಎಂದಳು. ಪಕ್ಕದಲ್ಲಿ ಕೂತಳು. ‘ಹೆಸರು ಹಾಕಿ.’